ಅಧಿಕಪ್ರಸಂಗಿ ಮಗು, ಅರ್ಧಕ್ಕೆ ನಿಂತ ಕಾಯ್ದೆ

ಜೂನ್ ತಿಂಗಳಲ್ಲಿ ಶಾಲೆಗಳು ತೆರೆದು ಮೊದಲ ಪೋಷಕರ ಸಭೆ ಮುಗಿಯುವ ವೇಳೆಗೆ ರಾಜ್ಯದ ಅದೆಷ್ಟೋ ಮನೆಗಳಿಗೆ ಒಂದೇ ಬಗೆಯ ದೂರು ತಲುಪಿರುತ್ತದೆ. ಮಗು ಕುಳಿತಲ್ಲಿ ಕೂರುವುದಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತದೆ. ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕುತ್ತದೆ. ಹೇಳಿದ ಮೂರು ಕೆಲಸಗಳಲ್ಲಿ ಒಂದನ್ನು ಮಾಡಿ ಎರಡನ್ನು ಮರೆಯುತ್ತದೆ. ಇಂಥ ಮಗುವಿಗೆಂದು ಕನ್ನಡದಲ್ಲಿ ಪದವೊಂದು ಬಹಳ ಹಿಂದಿನಿಂದಲೇ ಸಿದ್ಧವಾಗಿದೆ: ಅಧಿಕಪ್ರಸಂಗಿ. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಸ್ಥಿತಿ, ಅಂದರೆ ಎಡಿಎಚ್‌ಡಿ, ಎಂಬ ವೈದ್ಯಕೀಯ ಹೆಸರು ನಗರದ ಪೋಷಕರ ಕಿವಿಗೆ ಬಿದ್ದಿರುವುದು ಈಚಿನ ಎರಡು ದಶಕಗಳಲ್ಲಷ್ಟೇ. ಹಳೆಯ ಪದ ಮಗುವಿನ ನಡತೆಯ ಮೇಲೆ ತೀರ್ಪು ನೀಡುತ್ತದೆ. ಹೊಸ ಪದ ಆಸ್ಪತ್ರೆಯ ಚೀಟಿಯೊಂದನ್ನು ನೀಡುತ್ತದೆ. ಇವೆರಡರ ನಡುವೆ ಮಗುವಿಗೆ ನಿಜವಾಗಿ ದೊರೆಯಬೇಕಾದ ನೆರವು ಯಾವುದು, ಅದನ್ನು ಕೊಡಬೇಕಾದವರು ಯಾರು ಎಂಬ ಪ್ರಶ್ನೆಗಳು ಮಾತ್ರ ಇನ್ನೂ ಸರಿಯಾಗಿ ಚರ್ಚೆಗೆ ಬಂದಿಲ್ಲ.

ಈ ಚರ್ಚೆಯಲ್ಲಿ ಈಚೆಗೆ ಸೇರಿಕೊಂಡಿರುವುದು ವಾಕ್ ಚಿಕಿತ್ಸೆ. ಸ್ಪೀಚ್ ಥೆರಪಿ ಎಂದರೆ ಮಾತು ಬಾರದ ಮಗುವಿಗೆ, ತೊದಲುವವರಿಗೆ, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಹಿರಿಯರಿಗೆ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಹರಳು ಹುರಿದಂತೆ ಮಾತಾಡುವ ಮಗುವನ್ನು ಅಲ್ಲಿಗೇಕೆ ಕರೆದೊಯ್ಯಬೇಕು ಎಂದು ಅಜ್ಜಿ ಕೇಳಿದರೆ ಅದು ಅಸಂಬದ್ಧ ಪ್ರಶ್ನೆಯಲ್ಲ. ಉತ್ತರ ಮಾತ್ರ ಸ್ವಲ್ಪ ದೀರ್ಘವಾದುದು.

ಮೊದಲು ಹೆಸರಿನ ಚರಿತ್ರೆಯನ್ನು ಗಮನಿಸಬೇಕು. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲಿ ನೀಡಿದ ಉಪನ್ಯಾಸಗಳಲ್ಲಿ ಇಂಥ ಮಕ್ಕಳನ್ನು ವರ್ಣಿಸಿದಾಗ, ಅವರಲ್ಲಿ ಕೊರತೆಯಾಗಿರುವುದು 'ನೈತಿಕ ನಿಯಂತ್ರಣ' ಎಂದೇ ಭಾವಿಸಲಾಗಿತ್ತು. ಅಮೆರಿಕದ ಮನೋವೈದ್ಯರ ಕೈಪಿಡಿಯು 1968ರಲ್ಲಿ ಇದನ್ನು ಬಾಲ್ಯದ ಅತಿಚಲನೆಯ ಪ್ರತಿಕ್ರಿಯೆ ಎಂದು ಕರೆಯಿತು. 1980ರಲ್ಲಿ ಒತ್ತು ಚಲನೆಯಿಂದ ಗಮನದ ಕಡೆಗೆ ಸರಿಯಿತು; ಈಗಿನ ಹೆಸರು ಬಂದದ್ದು 1987ರಲ್ಲಿ. 2013ರ ಪರಿಷ್ಕರಣೆ ಎರಡು ಮುಖ್ಯ ಬದಲಾವಣೆಗಳನ್ನು ತಂದಿತು. ಲಕ್ಷಣಗಳು 7 ವರ್ಷಕ್ಕೆ ಮೊದಲೇ ಕಾಣಬೇಕೆಂಬ ನಿಯಮ 12 ವರ್ಷಕ್ಕೆ ಏರಿತು. ಆಟಿಸಂ ಮತ್ತು ಎಡಿಎಚ್‌ಡಿ ಒಂದೇ ಮಗುವಿನಲ್ಲಿ ಇರಬಹುದೆಂಬುದನ್ನು ಮೊದಲ ಬಾರಿಗೆ ಒಪ್ಪಿಕೊಳ್ಳಲಾಯಿತು. ಶತಮಾನದುದ್ದಕ್ಕೂ ಹೆಸರು ಬದಲಾಯಿತು, ಆದರೆ 'ನೈತಿಕ' ಎಂಬ ಆ ಮೊದಲ ನೆರಳು ಪೂರ್ತಿ ಅಳಿಯಲಿಲ್ಲ. ಶಾಲಾ ಡೈರಿಯ ಕೆಂಪು ಶಾಯಿಯಲ್ಲಿ ಅದು ಇಂದಿಗೂ ಉಳಿದಿದೆ.

ಜಗತ್ತಿನ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಶಾಲಾ ವಯಸ್ಸಿನ ಮಕ್ಕಳಲ್ಲಿ ಸುಮಾರು ಶೇ. 5ರಷ್ಟು ಮಂದಿಗೆ ಈ ಸ್ಥಿತಿ ಇದೆಯೆಂದು ಅಂದಾಜಿಸಿತು. ಈ ಲೆಕ್ಕವನ್ನು ಒಪ್ಪಿದರೆ 40 ಮಕ್ಕಳ ತರಗತಿಯಲ್ಲಿ ಇಬ್ಬರು. ಅವರಲ್ಲಿ ಒಬ್ಬಳು ಕಿಟಕಿಯಾಚೆ ನೋಡುತ್ತ ಸದ್ದಿಲ್ಲದೆ ಕುಳಿತ ಹುಡುಗಿಯಾಗಿದ್ದರೆ ಆಕೆಯ ಬಗ್ಗೆ ದೂರು ಬರುವುದೇ ಇಲ್ಲ. ಗಮನದ ಕೊರತೆ ಮಾತ್ರ ಇದ್ದು ಅತಿಚಟುವಟಿಕೆ ಇಲ್ಲದ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ತಡವಾಗಿ ಪತ್ತೆಯಾಗುತ್ತಾರೆ. ಇತ್ತ, ಕುಣಿದಾಡುವ ಮಕ್ಕಳೆಲ್ಲರೂ ಎಡಿಎಚ್‌ಡಿ ಇರುವವರಲ್ಲ. ಲಕ್ಷಣಗಳು ಕನಿಷ್ಠ ಆರು ತಿಂಗಳಿನಿಂದ ಇರಬೇಕು, ಮನೆ ಮತ್ತು ಶಾಲೆ ಎಂಬಂತೆ ಎರಡಾದರೂ ನೆಲೆಗಳಲ್ಲಿ ಕಾಣಬೇಕು, ಮಗುವಿನ ಬದುಕಿಗೆ ತೊಡಕಾಗಿರಬೇಕು. ಕಿವಿ ಸರಿಯಾಗಿ ಕೇಳಿಸದ ಮಗುವೂ 'ಗಮನ ಕೊಡದ' ಮಗುವಿನಂತೆಯೇ ಕಾಣುತ್ತದೆ. ಆದ್ದರಿಂದ ಶ್ರವಣ ಪರೀಕ್ಷೆ ಆಗದೆ ಯಾವ ಹಣೆಪಟ್ಟಿಯನ್ನೂ ಒಪ್ಪಿಕೊಳ್ಳಬಾರದು.

ಮಾತು ಬಲ್ಲ ಮಗುವಿಗೆ ವಾಕ್ ತಜ್ಞರೇಕೆ?

ಮಾತಾಡುವುದಕ್ಕೂ ಮಾತನ್ನು ನಿಭಾಯಿಸುವುದಕ್ಕೂ ವ್ಯತ್ಯಾಸವಿದೆ. ಆಸ್ಟ್ರೇಲಿಯದ ಸಂಶೋಧಕರು 2017ರಲ್ಲಿ ಹಲವು ಅಧ್ಯಯನಗಳನ್ನು ಕ್ರೋಡೀಕರಿಸಿ, ಎಡಿಎಚ್‌ಡಿ ಇರುವ ಮಕ್ಕಳು ಭಾಷೆಯನ್ನು ಗ್ರಹಿಸುವುದರಲ್ಲಿ, ಅಭಿವ್ಯಕ್ತಿಸುವುದರಲ್ಲಿ ಹಾಗೂ ಸಂದರ್ಭಕ್ಕೆ ತಕ್ಕಂತೆ ಬಳಸುವುದರಲ್ಲಿ ಓರಗೆಯವರಿಗಿಂತ ಹಿಂದಿರುತ್ತಾರೆಂದು ತೋರಿಸಿದರು. ಶಬ್ದಸಂಪತ್ತು ಸಾಕಷ್ಟಿದ್ದರೂ ಕಥೆ ಹೇಳುವಾಗ ಆದಿ, ಮಧ್ಯ, ಅಂತ್ಯಗಳು ಚದುರಿಹೋಗುತ್ತವೆ. ಕೇಳುಗನಿಗೆ ಯಾವುದು ಗೊತ್ತು, ಯಾವುದು ಗೊತ್ತಿಲ್ಲ ಎಂಬ ಲೆಕ್ಕ ತಪ್ಪುತ್ತದೆ. ಕೆಲವರಲ್ಲಿ ಮಾತು ಅವಸರದಲ್ಲಿ ಒಂದರ ಮೇಲೊಂದು ಬಿದ್ದು ಅಕ್ಷರಗಳೇ ನುಂಗಿಹೋಗುತ್ತವೆ. ಇದರ ಮೂಲ ಬಹುಮಟ್ಟಿಗೆ ನಾಲಿಗೆಯಲ್ಲಿಲ್ಲ; ಕೇಳಿದ್ದನ್ನು ಕ್ಷಣಕಾಲ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ, ಹೇಳಬೇಕಾದುದನ್ನು ಒಂದು ಕ್ಷಣ ತಡೆಹಿಡಿಯುವ ಸಾಮರ್ಥ್ಯದಲ್ಲಿದೆ.

ಈ ಸಂಗತಿಗೆ ಕನ್ನಡದ್ದೇ ಆದ ಒಂದು ಮುಖವಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಒಳಗೆ ಹೋಗಿ, ಮೇಜಿನ ಮೇಲಿರುವ ನೀಲಿ ಪುಸ್ತಕ ತೆಗೆದುಕೊಂಡು, ಅದರೊಳಗಿನ ಚೀಟಿಯನ್ನು ಅಕ್ಕನಿಗೆ ಕೊಟ್ಟು, ಬಾಗಿಲು ಹಾಕಿಕೊಂಡು ಬಾ" ಎಂದು ನಾವು ಉಸಿರು ಬಿಡದೆ ಹೇಳುತ್ತೇವೆ. ಹೋಗಿ, ತೆಗೆದುಕೊಂಡು, ಕೊಟ್ಟು, ಹಾಕಿಕೊಂಡು ಎಂದು ಪೋಣಿಸುವುದು ಕನ್ನಡದ ಸೊಗಸು. ಆದರೆ ಕೇಳುವ ಮಗು ಕೊನೆಯ 'ಬಾ' ಬರುವವರೆಗೂ ಇಡೀ ಸರಪಣಿಯನ್ನು ಹೊತ್ತು ನಿಲ್ಲಬೇಕು. ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆಯಿರುವ ಮಗುವಿಗೆ ಮೊದಲ ಕೊಂಡಿ ಮತ್ತು ಕೊನೆಯ ಕೊಂಡಿ ಮಾತ್ರ ಉಳಿಯುತ್ತವೆ. ಅದು ಒಳಗೆ ಹೋಗುತ್ತದೆ, ಬರಿಗೈಯಲ್ಲಿ ಹೊರಗೆ ಬರುತ್ತದೆ. ತಾಯಿ ಅದನ್ನು ಉಡಾಫೆ ಎನ್ನುತ್ತಾಳೆ. ಇದೇ ಮಾತನ್ನು ನಾಲ್ಕು ಪುಟ್ಟ ವಾಕ್ಯಗಳಾಗಿ ಒಡೆದು, ಒಂದು ಮುಗಿದ ಮೇಲೆ ಇನ್ನೊಂದನ್ನು ಹೇಳಿದರೆ ಅಥವಾ ಒಂದು ಚೀಟಿಯಲ್ಲಿ ನಾಲ್ಕು ಚಿತ್ರ ಬರೆದು ಕೊಟ್ಟರೆ ಕೆಲಸ ಆಗಬಹುದು. ಇಲ್ಲಿ ಬದಲಾದದ್ದು ಮಗುವಲ್ಲ, ಹೇಳುವವರು ಎಂಬುದು ಗಮನಾರ್ಹ.

ಉಕ್ತಲೇಖನದ ವಿಷಯವೂ ಹಾಗೆಯೇ. ಕೇಳಬೇಕು, ಹಿಡಿದಿಟ್ಟುಕೊಳ್ಳಬೇಕು, ಒತ್ತಕ್ಷರ ನೆನೆಯಬೇಕು, ಬರೆಯಬೇಕು; ಅಷ್ಟರಲ್ಲಿ ಮೇಷ್ಟ್ರು ಮುಂದಿನ ಪದಕ್ಕೆ ಹೋಗಿರುತ್ತಾರೆ. ಇಲ್ಲಿ ಸಿಗುವ ಸೊನ್ನೆ ಭಾಷಾಜ್ಞಾನಕ್ಕೆ ಸಿಕ್ಕ ಅಂಕವಲ್ಲ.

'ಸರಿಪಡಿಸುವ' ಚಿಕಿತ್ಸೆಯಿಂದ ಆಚೆಗೆ

ಇಲ್ಲಿಯವರೆಗೆ ಬಹುಪಾಲು ಚಿಕಿತ್ಸಾ ಕೇಂದ್ರಗಳು ಹಿಡಿದ ದಾರಿ ಬೇರೆಯದು. ಮಗು ಕುರ್ಚಿಯಲ್ಲಿ ಅಲುಗದೆ ಕೂರಬೇಕು, ಕೈ ಸುಮ್ಮನಿರಬೇಕು, ಎದುರಿನವರ ಕಣ್ಣು ನೋಡಿ ಮಾತಾಡಬೇಕು, ಸರದಿ ಬರುವವರೆಗೆ ಕಾಯಬೇಕು; ಹಾಗೆ ಮಾಡಿದರೆ ಒಂದು ಚಾಕೊಲೇಟು ಅಥವಾ ಒಂದು ನಕ್ಷತ್ರದ ಸ್ಟಿಕ್ಕರು. ಗುರಿಯೆಂದರೆ ಮಗು ಇತರ ಮಕ್ಕಳಂತೆ ಕಾಣುವುದು. ಈ ಗುರಿಯನ್ನೇ ಪ್ರಶ್ನಿಸುತ್ತಿರುವುದು ನರವೈವಿಧ್ಯದ ಚಿಂತನೆ. ಮನುಷ್ಯರ ಮಿದುಳುಗಳು ಒಂದೇ ಅಚ್ಚಿನವಲ್ಲ, ಭಿನ್ನತೆಯೆಲ್ಲವೂ ದೋಷವಲ್ಲ ಎಂಬುದು ಇದರ ತಿರುಳು. 1990ರ ದಶಕದಲ್ಲಿ ಆಟಿಸಂ ಇರುವ ವಯಸ್ಕರ ನಡುವಿನ ಚರ್ಚೆಗಳಲ್ಲಿ ಇದು ರೂಪುಗೊಂಡಿತು. ಆಸ್ಟ್ರೇಲಿಯದ ಸಮಾಜಶಾಸ್ತ್ರಜ್ಞೆ ಜೂಡಿ ಸಿಂಗರ್ 1998ರ ತಮ್ಮ ಪ್ರಬಂಧದಲ್ಲಿ ಈ ಪದವನ್ನು ಬಳಸಿದರು. ಮುಂದೆ ಎಡಿಎಚ್‌ಡಿ, ಡಿಸ್‌ಲೆಕ್ಸಿಯ, ತೊದಲು ಇರುವವರೂ ಇದೇ ಪದದಡಿ ಕೂಡಿದರು.

ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್, ತಾವೂ ಆಟಿಸಂ ಇರುವವರು, 2012ರಲ್ಲಿ ಮಂಡಿಸಿದ ವಾದವೊಂದು ವಾಕ್ ಚಿಕಿತ್ಸೆಯ ಕ್ಷೇತ್ರವನ್ನು ಸಾಕಷ್ಟು ಕಲಕಿದೆ. ಸಂವಹನ ಮುರಿದುಬಿದ್ದಾಗ ತಪ್ಪು ಒಂದೇ ಕಡೆ ಇರುವುದಿಲ್ಲ. ಅವರಿಗೆ ನಾವು ಅರ್ಥವಾಗದಿರುವಷ್ಟೇ ನಮಗೂ ಅವರು ಅರ್ಥವಾಗುತ್ತಿಲ್ಲ ಎಂಬುದು ಆ ವಾದ. ಆಟಿಸಂನ ಸಂದರ್ಭದಲ್ಲಿ ಹೇಳಿದ್ದನ್ನು ಎಡಿಎಚ್‌ಡಿಗೆ ಹಾಗೆಯೇ ಅನ್ವಯಿಸುವುದು ಆತುರವಾದೀತು. ಆದರೆ ಸಂವಹನದ ಎರಡು ತುದಿಗಳಲ್ಲಿ ಒಂದನ್ನಷ್ಟೇ ಚಿಕಿತ್ಸೆಗೆ ಒಳಪಡಿಸುವ ಪದ್ಧತಿ ಅರೆಬರೆಯಾದದ್ದು ಎಂಬ ತೀರ್ಮಾನಕ್ಕೆ ಅಷ್ಟು ಸಾಕು.

ಕಣ್ಣಿಗೆ ಕಣ್ಣಿಟ್ಟು ಮಾತಾಡಿಸುವ ಗುರಿಯನ್ನೇ ನೋಡಿ. ಹಿರಿಯರ ಎದುರು ತಲೆ ತಗ್ಗಿಸಿ ನಿಲ್ಲುವುದನ್ನು ಸಭ್ಯತೆಯೆಂದೂ ದಿಟ್ಟಿಸಿ ನೋಡುವುದನ್ನು ಉದ್ಧಟತನವೆಂದೂ ಹೇಳಿಕೊಟ್ಟ ನಾಡು ನಮ್ಮದು. ಅದೇ ಮನೆಯ ಮಗುವಿಗೆ ಗಂಟೆಗಿಷ್ಟು ಎಂದು ಹಣ ತೆತ್ತು ದಿಟ್ಟಿಸುವುದನ್ನು ಕಲಿಸುತ್ತಿದ್ದೇವೆ! ಬೇರೆಲ್ಲಿಯೋ ಬರೆದ ಕೈಪಿಡಿಯನ್ನು ಹಾಗೆಯೇ ಇಳಿಸಿಕೊಂಡರೆ ಹೀಗಾಗುತ್ತದೆ. ಬೇರೆಡೆ ನೋಡುತ್ತಿರುವಾಗಲೇ ಚೆನ್ನಾಗಿ ಕೇಳಿಸಿಕೊಳ್ಳುವ ಮಕ್ಕಳಿದ್ದಾರೆ. ನೋಡುವ ಶ್ರಮ ಕೇಳುವ ಶಕ್ತಿಯನ್ನು ತಿನ್ನದಿರಲಿ ಎಂಬುದೇ ಅವರ ಲೆಕ್ಕಾಚಾರ.

ಅಲುಗಾಟದ ವಿಷಯದಲ್ಲಿ ಪುರಾವೆ ಇನ್ನೂ ಕುತೂಹಲಕರ. ಅಮೆರಿಕದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ತಂಡವೊಂದು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಡಿಎಚ್‌ಡಿ ಇರುವ ಹುಡುಗರು ಹೆಚ್ಚು ಅಲುಗಾಡಿದಷ್ಟೂ ನೆನಪಿನ ಪರೀಕ್ಷೆಯಲ್ಲಿ ಉತ್ತಮವಾಗಿ ನಿರ್ವಹಿಸಿದರು. ಈ ಸ್ಥಿತಿ ಇಲ್ಲದ ಹುಡುಗರಲ್ಲಿ ಪರಿಣಾಮ ತದ್ವಿರುದ್ಧವಾಗಿತ್ತು. ಅಂದರೆ ಕಾಲು ಕುಣಿಸುವುದು ಗಮನದ ಶತ್ರುವಲ್ಲ, ಕೆಲವರಿಗೆ ಅದು ಊರುಗೋಲು. ಮೊದಲು ಊರುಗೋಲು ಕಿತ್ತುಕೊಂಡು ಆಮೇಲೆ ನಡೆಯಲು ಕಲಿಸುವುದು ಯಾವ ಚಿಕಿತ್ಸೆ?

ಇತ್ತ, ಸಾಮಾಜಿಕ ಕೌಶಲ ತರಬೇತಿ ಎಂದು ಕರೆಯಲಾಗುವ, ಸರದಿ ಕಾಯುವುದು ಮತ್ತು ಸ್ನೇಹ ಬೆಳೆಸುವುದನ್ನು ಪಾಠದಂತೆ ಹೇಳಿಕೊಡುವ ಕ್ರಮ ಎಡಿಎಚ್‌ಡಿ ಮಕ್ಕಳಿಗೆ ಎಷ್ಟು ಫಲಕಾರಿ? ವೈದ್ಯಕೀಯ ಪುರಾವೆಗಳನ್ನು ನಿಷ್ಠುರವಾಗಿ ತೂಗುವ ಕಾಕ್ರೇನ್ ಸಂಸ್ಥೆಯ 2019ರ ಪರಾಮರ್ಶೆ ಅದರ ಪರವಾಗಿ ಗಟ್ಟಿಯಾದ ಆಧಾರವನ್ನು ಕಾಣಲಿಲ್ಲ. ಮಗುವಿಗೆ ನಿಯಮ ಗೊತ್ತಿಲ್ಲದಿರುವುದು ಇಲ್ಲಿ ಸಮಸ್ಯೆಯೇ ಅಲ್ಲ. ಕೇಳಿದರೆ ಅದು ನಿಯಮವನ್ನು ಒಪ್ಪಿಸುತ್ತದೆ. ಬೇಕಾದ ಕ್ಷಣದಲ್ಲಿ ಅದು ಕೈಗೆ ಸಿಗದಿರುವುದೇ ತೊಡಕು.

ಹಾಗಾದರೆ ಭಿನ್ನತೆಯನ್ನು ಒಪ್ಪಿಕೊಂಡು ನಡೆಯುವ ವಾಕ್ ಚಿಕಿತ್ಸೆಯಲ್ಲಿ ನಡೆಯುವುದೇನು? ಮಗುವಿಗೆ ಕ್ರಿಕೆಟ್ ಇಷ್ಟವಿದ್ದರೆ ಪಂದ್ಯದ ವರದಿ ಒಪ್ಪಿಸುವ ಮೂಲಕವೇ ಕಥನದ ಕ್ರಮವನ್ನು ಕಟ್ಟಲಾಗುತ್ತದೆ: ಮೊದಲು ಟಾಸ್, ಆಮೇಲೆ ಯಾರು ಆಡಿದರು, ಎಲ್ಲಿ ತಿರುವು ಬಂತು. ನಿಂತು, ನಡೆಯುತ್ತ, ಚೆಂಡು ಎಸೆಯುತ್ತ ಮಾತಾಡಬಹುದು. ಮಾತಿನ ನಡುವೆ ಬಂದ ಯೋಚನೆ ಮರೆತುಹೋಗುವ ಭಯದಿಂದ ಬಾಯಿ ಹಾಕುವ ಮಗುವಿಗೆ, ಆ ಯೋಚನೆಯನ್ನು ಒಂದು ಗೀಟಿನಲ್ಲಿ ಅಥವಾ ಚಿತ್ರದಲ್ಲಿ ಬರೆದಿಟ್ಟುಕೊಳ್ಳುವ ಉಪಾಯ ಕಲಿಸಲಾಗುತ್ತದೆ. "ಇನ್ನೊಮ್ಮೆ ಹೇಳಿ", "ನಿಧಾನವಾಗಿ ಹೇಳಿ", "ಬರೆದು ಕೊಡಿ" ಎಂದು ಶಿಕ್ಷಕರನ್ನು ಅಳುಕಿಲ್ಲದೆ ಕೇಳುವ ಅಭ್ಯಾಸ ಮಾಡಿಸಲಾಗುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಚಿಕಿತ್ಸೆಯಲ್ಲಿ ಅತಿ ಮುಖ್ಯವಾದದ್ದು ಇದೇ. ಏಕೆಂದರೆ ತಜ್ಞರು ವಾರಕ್ಕೆ ಒಂದೋ ಎರಡೋ ಗಂಟೆ ಜೊತೆಗಿರುತ್ತಾರೆ, ಈ ವಾಕ್ಯ ಮಗುವಿನ ಜೊತೆಗೇ ಉಳಿಯುತ್ತದೆ. ಉಳಿದ ಕೆಲಸವೆಲ್ಲ ತಂದೆತಾಯಿಯರೊಂದಿಗೆ ಮತ್ತು ಶಾಲೆಯೊಂದಿಗೆ ನಡೆಯಬೇಕಾದದ್ದು.

ಆಕ್ಷೇಪಗಳು ಇಲ್ಲದಿಲ್ಲ

ಇದನ್ನೆಲ್ಲ ಓದಿದ ಶಿಕ್ಷಕರೊಬ್ಬರು, ನಮ್ಮ ತರಗತಿಗೆ ಬಂದು ನೋಡಿ ಎಂದು ಹೇಳಿದರೆ ಅದರಲ್ಲಿ ಆಶ್ಚರ್ಯವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಕಿರಿಯ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೊಬ್ಬ ಶಿಕ್ಷಕ ಎಂಬ ಅನುಪಾತ ಹೇಳುತ್ತದೆ. ನಗರದ ಖಾಸಗಿ ಶಾಲೆಗಳ ಕಿಕ್ಕಿರಿದ ಕೋಣೆಗಳಲ್ಲಿ ಒಂದು ಮಗು ಎದ್ದು ನಿಂತರೆ ಹತ್ತು ಮಕ್ಕಳು ಏಳುತ್ತಾರೆ. ಆಕ್ಷೇಪ ನ್ಯಾಯವಾದುದೇ. ಆದರೆ ಸೂಚನೆಯನ್ನು ಹಲಗೆಯ ಮೇಲೆ ಬರೆಯುವುದು, ದೀರ್ಘ ವಾಕ್ಯವನ್ನು ಒಡೆಯುವುದು, ಹಾಜರಿ ಪುಸ್ತಕ ತರುವ ನೆಪದಲ್ಲಿ ಮಗುವನ್ನು ಒಮ್ಮೆ ಓಡಾಡಿಸುವುದು ಇವುಗಳಿಗೆ ಹೆಚ್ಚಿನ ಹಣವೂ ಸಿಬ್ಬಂದಿಯೂ ಬೇಕಿಲ್ಲ. ಉಳಿದ 38 ಮಕ್ಕಳಿಗೂ ಅವುಗಳಿಂದ ನಷ್ಟವಿಲ್ಲ.

ಪೋಷಕರ ಭಯ ಬೇರೆಯದು. 'ಒಪ್ಪಿಕೊಳ್ಳಿ' ಎಂದರೆ 'ಕೈಚೆಲ್ಲಿ' ಎಂದಲ್ಲವೇ, ನಾಳೆ ಈ ಮಗು ಎಸ್ಸೆಸ್ಸೆಲ್ಸಿ ಬರೆಯಬೇಡವೇ ಎಂಬ ಅವರ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ನರವೈವಿಧ್ಯದ ಹೆಸರಿನಲ್ಲಿ ಔಷಧಿಯೇ ಬೇಡ, ಚಿಕಿತ್ಸೆಯೇ ಬೇಡ ಎನ್ನುವ ಅತಿರೇಕದ ದನಿಗಳೂ ಇವೆ. ಅವುಗಳಿಂದ ಮಗುವಿಗೆ ಹಾನಿಯೇ ಹೆಚ್ಚು. ಮೀಥೈಲ್‌ಫೆನಿಡೇಟ್‌ನಂಥ ಔಷಧಗಳು ಗಮನದ ತೊಂದರೆಯನ್ನು ಕಡಿಮೆ ಮಾಡುತ್ತವೆ ಎಂಬುದಕ್ಕೆ ದಶಕಗಳ ಆಧಾರವಿದೆ. ಮನೋವೈದ್ಯರ ನಿಗಾದಲ್ಲಿ ಮಾತ್ರ ಬಳಸಬೇಕಾದ ನಿಯಂತ್ರಿತ ಔಷಧಗಳಿವು. ಔಷಧಿ ತೆಗೆದುಕೊಳ್ಳುವುದಕ್ಕೂ ಭಿನ್ನತೆಯನ್ನು ಗೌರವಿಸುವುದಕ್ಕೂ ವಿರೋಧವಿಲ್ಲ. ಕನ್ನಡಕ ಹಾಕಿಕೊಂಡವರನ್ನು ಯಾರೂ ತಮ್ಮ ಕಣ್ಣಿಗೆ ದ್ರೋಹ ಬಗೆದವರೆಂದು ಕರೆಯುವುದಿಲ್ಲ.

ಮೂರನೆಯದು ವೈಜ್ಞಾನಿಕ ಆಕ್ಷೇಪ, ಅದಕ್ಕೆ ತೂಕವೂ ಹೆಚ್ಚು. ಹೊಸ ಪದ್ಧತಿಯನ್ನು ಎಡಿಎಚ್‌ಡಿ ಇರುವ ಮಕ್ಕಳ ದೊಡ್ಡ ಗುಂಪುಗಳಲ್ಲಿ ಹಳೆಯದರೊಂದಿಗೆ ಹೋಲಿಸಿ ನೋಡಿದ ಪ್ರಯೋಗಗಳು ಬಹಳ ಕಡಿಮೆ. ಸಿದ್ಧಾಂತ ಮುಂದೆ ಓಡಿದೆ, ಪುರಾವೆ ಹಿಂದೆ ಉಳಿದಿದೆ. ಹೀಗಿರುವಾಗ 'ನರವೈವಿಧ್ಯಸ್ನೇಹಿ' ಎಂಬ ಫಲಕವನ್ನು ನೇತುಹಾಕಿದ ಮಾತ್ರಕ್ಕೆ ಒಂದು ಕೇಂದ್ರ ಉತ್ತಮವಾಗುವುದಿಲ್ಲ. ಮೂರು ತಿಂಗಳಲ್ಲಿ ಮಗು ಯಾವುದನ್ನು ಮಾಡಬಲ್ಲದಾಗಬೇಕು, ಅದನ್ನು ಅಳೆಯುವುದು ಹೇಗೆ ಎಂದು ಕೇಳಿದಾಗ ಸ್ಪಷ್ಟ ಉತ್ತರ ಬರಬೇಕು.

ಮನೆಮಾತನ್ನು ಬಿಡಿಸುವ ಸಲಹೆ

ನಗರಗಳ ಕನ್ನಡ ಮನೆಗಳಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಇಲ್ಲಿ ಪ್ರಸ್ತಾಪಿಸಲೇಬೇಕು. ಮಗುವಿಗೆ ಮಾತಿನ ಅಥವಾ ಗಮನದ ತೊಂದರೆಯಿದೆ ಎಂದಾಕ್ಷಣ, ಮನೆಯಲ್ಲಿ ಒಂದೇ ಭಾಷೆ ಮಾತಾಡಿ, ಶಾಲೆಯ ಭಾಷೆಯಾದ ಇಂಗ್ಲಿಷನ್ನೇ ಬಳಸಿ ಎಂಬ ಸಲಹೆ ಇಂದಿಗೂ ಪೋಷಕರ ಕಿವಿಗೆ ಬೀಳುತ್ತಿದೆ. ಎರಡು ಭಾಷೆ ಕಲಿಯುವುದರಿಂದ ಇಂಥ ಮಕ್ಕಳ ತೊಂದರೆ ಉಲ್ಬಣಿಸುತ್ತದೆ ಎಂಬುದಕ್ಕೆ ಸಂಶೋಧನೆಯ ಬೆಂಬಲವಿಲ್ಲ. ನಷ್ಟವಾದರೋ ನಿಶ್ಚಿತ. ತಡವರಿಸುತ್ತ ಇಂಗ್ಲಿಷ್ ಆಡುವ ತಾಯಿ ಮಗುವಿಗೆ ಕಥೆ ಹೇಳುವುದನ್ನು ನಿಲ್ಲಿಸುತ್ತಾಳೆ. ಅಜ್ಜ ಅಜ್ಜಿ ಮೂಕರಾಗುತ್ತಾರೆ. ಕಥನ ಮತ್ತು ಸಂಭಾಷಣೆಯ ಅಭ್ಯಾಸವೇ ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವ ಮಗುವಿನಿಂದ ಆ ಅಭ್ಯಾಸದ ಅತಿ ಸಮೃದ್ಧ ಮೂಲವನ್ನೇ ಕಿತ್ತುಕೊಂಡಂತಾಗುತ್ತದೆ. ಮನೆಯ ಮಾತು ತುಳುವಾಗಿರಲಿ, ಕೊಂಕಣಿಯಾಗಿರಲಿ, ಉರ್ದುವಾಗಿರಲಿ, ಈ ತರ್ಕ ಬದಲಾಗುವುದಿಲ್ಲ.

ಈ ವಿಷಯದಲ್ಲಿ ಕರ್ನಾಟಕ ಅದೃಷ್ಟಶಾಲಿ. ದೇಶದ ವಾಕ್ ಶ್ರವಣ ಶಿಕ್ಷಣಕ್ಕೆ ತವರೆನಿಸಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಮೈಸೂರಿನಲ್ಲಿದೆ. ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದ ಈ ಸಂಸ್ಥೆಯ ಮಾನಸಗಂಗೋತ್ರಿ ಆವರಣದಲ್ಲಿ ಕನ್ನಡದ ಮಕ್ಕಳಿಗೆಂದೇ ಭಾಷಾ ಪರೀಕ್ಷೆಗಳು ರೂಪುಗೊಂಡಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಕಲಿಕಾ ನ್ಯೂನತೆಯನ್ನು ಅಳೆಯಲು ಅಲ್ಲಿ ಸಿದ್ಧವಾದ ಪರೀಕ್ಷಾಮಾಲೆಯನ್ನು ದೇಶವೇ ಬಳಸುತ್ತಿದೆ. ಡಾ. ಪ್ರತಿಭಾ ಕಾರಂತರಂಥ ವಾಕ್ ಭಾಷಾ ತಜ್ಞರು ಕನ್ನಡದ ಓದು ಬರಹವನ್ನೇ ಸಂಶೋಧನೆಯ ವಸ್ತುವಾಗಿಸಿದ್ದಾರೆ. ಇಂಗ್ಲಿಷಿನಲ್ಲಿ ರೂಪಿಸಿದ ಪರೀಕ್ಷೆಯನ್ನು ಕನ್ನಡಕ್ಕೆ ತರ್ಜುಮೆ ಮಾಡಿ ಮಗುವನ್ನು ಅಳೆಯುವ ಅನಿವಾರ್ಯತೆ ನಮಗಿಲ್ಲ. ಆದರೆ ಈ ಜ್ಞಾನ ಮೈಸೂರು ಬೆಂಗಳೂರುಗಳ ಆವರಣ ದಾಟಿ ರಾಯಚೂರು, ಬೀದರ್, ಚಾಮರಾಜನಗರಗಳಿಗೆ ಎಷ್ಟರಮಟ್ಟಿಗೆ ಹರಿದಿದೆ ಎಂಬುದು ಬೇರೆಯೇ ಪ್ರಶ್ನೆ.

ಒಂದು ಪಟ್ಟಿಯಲ್ಲಿದೆ, ಇನ್ನೊಂದರಲ್ಲಿಲ್ಲ

ಸಮಸ್ಯೆಯ ಗಂಟು ಇರುವುದು ಸರ್ಕಾರದ ಎರಡು ಪಟ್ಟಿಗಳ ನಡುವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಪತ್ತೆಹಚ್ಚಬೇಕಾದ 30 ಆರೋಗ್ಯ ಸ್ಥಿತಿಗಳನ್ನು ಗುರುತಿಸಿತು. ಭಾಷಾ ಬೆಳವಣಿಗೆಯ ವಿಳಂಬ, ಕಲಿಕೆಯ ತೊಂದರೆ, ಆಟಿಸಂಗಳ ಜೊತೆಗೆ ಎಡಿಎಚ್‌ಡಿಯೂ ಅದರಲ್ಲಿ ಹೆಸರಿಸಲ್ಪಟ್ಟಿದೆ. ಸಂಚಾರಿ ವೈದ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಿ, ಅನುಮಾನವಿರುವ ಮಕ್ಕಳನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿಗೆ ಕಳುಹಿಸಬೇಕೆಂಬುದು ಯೋಜನೆ. ಆ ಕೇಂದ್ರಗಳ ಸಿಬ್ಬಂದಿ ಮಾದರಿಯಲ್ಲಿ ವಾಕ್ ಶ್ರವಣ ತಜ್ಞರ ಹುದ್ದೆಯೂ ಇದೆ. ಖಾಸಗಿ ಶಾಲೆಗಳ ಮಕ್ಕಳು ಈ ಬಲೆಯ ಹೊರಗುಳಿಯುತ್ತಾರೆ ಎಂಬ ಕೊರತೆಯನ್ನು ಬದಿಗಿಟ್ಟರೆ, ಪತ್ತೆಹಚ್ಚುವ ಹೊಣೆಯನ್ನು ಸರ್ಕಾರ ಒಪ್ಪಿಕೊಂಡಂತಾಯಿತು.

ಪತ್ತೆಯಾದ ಮೇಲೆ? ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016 ಹಳೆಯ ಕಾಯ್ದೆಯ 7 ವರ್ಗಗಳನ್ನು 21ಕ್ಕೆ ಹಿಗ್ಗಿಸಿತು. ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆಗಳು ಅದರಲ್ಲಿ ಸೇರಿದವು. ಎಡಿಎಚ್‌ಡಿ ಸೇರಲಿಲ್ಲ. ವಾಕ್ ಮತ್ತು ಭಾಷಾ ನ್ಯೂನತೆ ಎಂಬ ವರ್ಗವೇನೋ ಇದೆ. ಆದರೆ ಅದರ ವ್ಯಾಖ್ಯೆಯಲ್ಲಿ ಬರುವುದು ಧ್ವನಿಪೆಟ್ಟಿಗೆ ತೆಗೆದ ನಂತರ ಅಥವಾ ಮಿದುಳಿನ ಘಾಸಿಯಿಂದ ಉಂಟಾಗುವಂಥ ಶಾಶ್ವತ ನಷ್ಟಗಳು. ಮಾತು ಬಂದೂ ಅದನ್ನು ನಿಭಾಯಿಸಲಾಗದ ಮಗು ಆ ಚೌಕಟ್ಟಿಗೆ ಹೊಂದುವುದಿಲ್ಲ. ಮಾನಸಿಕ ಕಾಯಿಲೆಯ ವ್ಯಾಖ್ಯೆಗೂ ಒಗ್ಗುವುದಿಲ್ಲ, ಒಗ್ಗಬೇಕಾಗಿಯೂ ಇಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುನ್ಯೂನತೆಗಳಿಗೆಂದು 1999ರ ಕಾಯ್ದೆಯಡಿ ಸ್ಥಾಪನೆಯಾದ ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಭರಿಸುತ್ತದೆ. ಥೆರಪಿಗೂ ಅದರಲ್ಲಿ ಅವಕಾಶವಿದೆ. ಬರಿಯ ಎಡಿಎಚ್‌ಡಿ ಇರುವ ಮಗುವಿಗೆ ಅದೂ ಇಲ್ಲ. ಆರೋಗ್ಯ ಇಲಾಖೆ ಬೆರಳಿಟ್ಟು ತೋರಿಸಿದ ಮಗುವನ್ನು ಹಕ್ಕುಗಳ ಕಾಯ್ದೆ ಗುರುತಿಸುವುದಿಲ್ಲ!

ಇದರ ಪರಿಣಾಮ ಪರೀಕ್ಷಾ ಕೊಠಡಿಯಲ್ಲಿ ಕಾಣುತ್ತದೆ. ಹೆಚ್ಚುವರಿ ಸಮಯ, ಪ್ರತ್ಯೇಕ ಕೊಠಡಿಯಂಥ ಸೌಲಭ್ಯಗಳಿಗೆ ಸಿಬಿಎಸ್‌ಇ ಮಂಡಳಿ ಆಧರಿಸಿರುವುದು 2016ರ ಕಾಯ್ದೆಯ ವ್ಯಾಖ್ಯೆಗಳನ್ನು. ಪಟ್ಟಿಯಲ್ಲಿ ಹೆಸರಿಲ್ಲದ ಸ್ಥಿತಿಯ ಮಗುವಿನ ತಂದೆತಾಯಿಗೆ ಉಳಿಯುವುದು ಪಟ್ಟಿಯಲ್ಲಿರುವ ಇನ್ನೊಂದು ಹೆಸರನ್ನು ಹುಡುಕುವ ದಾರಿ. ಎಡಿಎಚ್‌ಡಿ ಇರುವ ಅನೇಕ ಮಕ್ಕಳಿಗೆ ಕಲಿಕಾ ನ್ಯೂನತೆಯೂ ಇರುತ್ತದೆ, ನಿಜ. ಇಲ್ಲದ ಮಕ್ಕಳ ಗತಿ? ವ್ಯವಸ್ಥೆಯೇ ಪೋಷಕರನ್ನು ತಪ್ಪು ಪ್ರಮಾಣಪತ್ರದ ಬಾಗಿಲಿಗೆ ನೂಕುತ್ತಿದ್ದರೆ ಅದರ ದೂಷಣೆ ಪೋಷಕರಿಗೆ ಸಲ್ಲದು. ಹೋಲಿಕೆಗೆ ಹೇಳುವುದಾದರೆ, ಅಮೆರಿಕದ ವಿಶೇಷ ಶಿಕ್ಷಣ ಕಾನೂನಿನ ನಿಯಮಗಳಲ್ಲಿ 1999ರಿಂದಲೇ 'ಇತರ ಆರೋಗ್ಯ ನ್ಯೂನತೆ'ಯಡಿ ಎಡಿಎಚ್‌ಡಿಯ ಹೆಸರಿದೆ.

ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. 2016ರ ಕಾಯ್ದೆ ಅಂಗವಿಕಲ ವ್ಯಕ್ತಿಯನ್ನು ವ್ಯಾಖ್ಯಾನಿಸುವಾಗ ಪಟ್ಟಿಯನ್ನು ಅವಲಂಬಿಸುವುದಿಲ್ಲ. ದೀರ್ಘಕಾಲದ ನ್ಯೂನತೆಯೊಂದು ಸುತ್ತಲಿನ ಅಡೆತಡೆಗಳೊಡನೆ ಸೇರಿ ಸಮಾಜದಲ್ಲಿ ಸಮಾನವಾಗಿ ಪಾಲ್ಗೊಳ್ಳಲು ತೊಡಕಾಗುವುದು ಎಂದಷ್ಟೇ ಹೇಳುತ್ತದೆ. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದಲ್ಲಿ ಈ ವ್ಯಾಖ್ಯೆಗೆ ಜೀವ ತುಂಬಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ ಲಿಪಿಕಾರರ ನೆರವು ನಿರಾಕರಿಸಿದ್ದನ್ನು ತಳ್ಳಿಹಾಕಿ, ಸಮಂಜಸ ಹೊಂದಾಣಿಕೆಯ ಹಕ್ಕು ಶೇ. 40ರ ಮಾನದಂಡ ತಲುಪಿದವರಿಗೆ ಮಾತ್ರ ಸೀಮಿತವಲ್ಲ ಎಂದು ಅದು ಸಾರಿತು. ಕಾಯ್ದೆಯ 16ನೇ ಕಲಮು ಪ್ರತಿ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆಯನ್ನು ಶಿಕ್ಷಣ ಸಂಸ್ಥೆಗಳ ಹೊಣೆಯಾಗಿಸಿದೆ. ಈ ಎರಡನ್ನೂ ಜೋಡಿಸಿ ಓದಿದರೆ, ಎಡಿಎಚ್‌ಡಿ ಇರುವ ಮಗುವಿಗೆ ಲಿಖಿತ ಸೂಚನೆ ಅಥವಾ ನಡುವೆ ವಿರಾಮ ಕೇಳುವ ಪೋಷಕರ ವಾದ ದುರ್ಬಲವೇನಲ್ಲ. ಆದರೆ ಪ್ರತಿ ಪೋಷಕರೂ ನ್ಯಾಯಾಲಯದ ಭಾಷೆಯಲ್ಲಿ ಮುಖ್ಯೋಪಾಧ್ಯಾಯರೊಡನೆ ಮಾತಾಡಬೇಕೆಂದು ಬಯಸುವುದು ವಾಸ್ತವವಲ್ಲ. ವಾದಕ್ಕಿಂತ ಪಟ್ಟಿಯೇ ಕಚೇರಿಗಳಲ್ಲಿ ಬೇಗ ಅರ್ಥವಾಗುತ್ತದೆ.

ಇನ್ನು ಮಾರುಕಟ್ಟೆಯ ಮಾತು. ಸರ್ಕಾರಿ ನೆರವು ಇಲ್ಲದೆಡೆ ಬಡಾವಣೆಗೊಂದರಂತೆ ಥೆರಪಿ ಕೇಂದ್ರಗಳು ತಲೆಯೆತ್ತುತ್ತವೆ. ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಕಾಯ್ದೆಯಂತೆ ವಾಕ್ ಚಿಕಿತ್ಸೆ ನೀಡುವವರು ಪರಿಷತ್ತಿನ ಕೇಂದ್ರೀಯ ಪುನರ್ವಸತಿ ನೋಂದಣಿಯಲ್ಲಿ ಹೆಸರು ದಾಖಲಿಸಿರಬೇಕು. ತಪ್ಪಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 1000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಕಾಯ್ದೆ ವಿಧಿಸುತ್ತದೆ. ಆ ಸಾವಿರ ರೂಪಾಯಿ ಇಂದು ಯಾವ ಕೇಂದ್ರವನ್ನೂ ಹೆದರಿಸಲಾರದು. ಆದ್ದರಿಂದ ಗೋಡೆಯ ಮೇಲಿನ ಸರ್ಟಿಫಿಕೇಟುಗಳನ್ನು ಎಣಿಸುವ ಬದಲು ಚಿಕಿತ್ಸೆ ನೀಡುವವರ ನೋಂದಣಿ ಸಂಖ್ಯೆಯನ್ನು ಕೇಳುವುದು, ಚಿಕಿತ್ಸಾ ಕೋಣೆಯಲ್ಲಿ ತಾವೂ ಕೂರಬಹುದೇ ಎಂದು ವಿಚಾರಿಸುವುದು ಪೋಷಕರ ಹಕ್ಕು. ಎರಡನೆಯ ಪ್ರಶ್ನೆಗೆ ಕಾರಣವಿಲ್ಲದೆ 'ಇಲ್ಲ' ಎಂಬ ಉತ್ತರ ಬಂದರೆ ಬೇರೆ ಕೇಂದ್ರ ನೋಡುವುದೇ ಲೇಸು.

ಪಟ್ಟಿಯ ತಿದ್ದುಪಡಿಗೆ ಸಂಸತ್ತಿನ ಅಧಿವೇಶನ ಕಾಯಬೇಕಾಗಿಯೂ ಇಲ್ಲ. 2016ರ ಕಾಯ್ದೆಯ 99ನೇ ಕಲಮಿನಂತೆ ರಾಜ್ಯ ಸರ್ಕಾರವೊಂದು ಶಿಫಾರಸು ಮಾಡಬಹುದು. ಅದು ಮನವರಿಕೆಯಾದರೆ ಕೇಂದ್ರವು ಅಧಿಸೂಚನೆಯ ಮೂಲಕವೇ ಅನುಸೂಚಿಗೆ ಹೊಸ ಸ್ಥಿತಿಯನ್ನು ಸೇರಿಸಬಹುದು. ಮೈಸೂರಿನ ಸಂಸ್ಥೆಯ ಅಂಕಿಅಂಶಗಳೂ ನಿಮ್ಹಾನ್ಸ್‌ನ ತಜ್ಞರ ಅಭಿಪ್ರಾಯವೂ ವಿಧಾನಸೌಧಕ್ಕೆ ಕೈಯಳತೆಯಲ್ಲಿವೆ. ಅಂಥ ಶಿಫಾರಸಿನ ಕಡತವೊಂದನ್ನು ತೆರೆಯಲು ರಾಜ್ಯದ ಬೊಕ್ಕಸದಿಂದ ಹೆಚ್ಚುವರಿ ಅನುದಾನವೂ ಬೇಕಿಲ್ಲ.